ಬರೆಯುವವಳು ನೋಡಬಾರದು

ಬಸ್ಸಿಳಿದಾಗ ಬೆಳಗಿನ ಏಳು ಗಂಟೆ. ಪೂರ್ವಕ್ಕೆ ಆಕಾಶ ಒರೆಸಿಟ್ಟ ಗಾಜಿನ ಹಾಗಿತ್ತು. ಪಶ್ಚಿಮಕ್ಕೆ, ಬೆಟ್ಟದ ಬೆನ್ನಿಗೆ ಅಂಟಿಕೊಂಡು, ಮಸೂರದ ಆಕಾರದ ಒಂದೇ ಒಂದು ಮೋಡ ಕದಲದೆ ಕೂತಿತ್ತು.

“ಅದು ಹೋಗೋ ಮೋಡಾನಾ, ಬರೋ ಮೋಡಾನಾ?” ಎಂದಳು ಗಿಡ್ಡಿ.

“ಮಧ್ಯಾಹ್ನದವರೆಗೆ ಏನೂ ಆಗಲ್ಲ,” ಎಂದಳು ಉದ್ದಕ್ಕ.

“ಬರ್ಕೊಳ್ಳಲಾ?”

“ಬರ್ಕೋ.”

ಇಬ್ಬರೂ ನಕ್ಕರು. ಇಪ್ಪತ್ತೊಂದು ವರ್ಷದಿಂದ ಸವೆಸಿದ ತಮಾಷೆ ಅದು. ಆದರೆ ಈ ಸಲ ಗಿಡ್ಡಿಯ ನಗು ಅರ್ಧಕ್ಕೇ ನಿಂತಿತು. ಉದ್ದಕ್ಕ ಅದನ್ನು ಗಮನಿಸಿದಳು, ಗಮನಿಸದವಳ ಹಾಗೆ ಬೂಟಿನ ದಾರ ಬಿಗಿದಳು.

ಉದ್ದಕ್ಕ, ಗಿಡ್ಡಿ ಎನ್ನುವುದು ಮನೆಯವರು ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಒಬ್ಬಳು ಬಾಗಿಲು ದಾಟುವಾಗ ತಲೆ ತಗ್ಗಿಸುವಷ್ಟು ಉದ್ದ. ಇನ್ನೊಬ್ಬಳು ಅವಳ ಭುಜಕ್ಕೆ ಬಂದರೆ ಹೆಚ್ಚು. ಇಬ್ಬರೂ ಮಾಪನ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಥರ್ಮಾಮೀಟರುಗಳನ್ನು ಪರೀಕ್ಷಿಸುವವರು. ಊರಿನ ಆಸ್ಪತ್ರೆ, ಡೈರಿ, ಔಷಧಿ ಕಾರ್ಖಾನೆಗಳ ಥರ್ಮಾಮೀಟರುಗಳು ಹತ್ತಿಯಲ್ಲಿ ಸುತ್ತಿಕೊಂಡು ಅವರ ಮೇಜಿಗೆ ಬರುತ್ತವೆ, ಪ್ರಮಾಣಪತ್ರ ಹೊತ್ತು ವಾಪಸು ಹೋಗುತ್ತವೆ.

ಅಲ್ಲಿಯ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಒಬ್ಬರು ಓದುವವರು, ಒಬ್ಬರು ಬರೆಯುವವರು. ಓದುವವಳು ಭೂತಗನ್ನಡಿಗೆ ಕಣ್ಣು ಹಚ್ಚಿ, ಪಾದರಸದ ತುದಿ ಯಾವ ಗೆರೆಯಲ್ಲಿದೆ, ಎರಡು ಗೆರೆಗಳ ನಡುವೆ ಹತ್ತರಲ್ಲಿ ಎಷ್ಟು ಭಾಗ ಏರಿದೆ ಎಂದು ಗಟ್ಟಿಯಾಗಿ ಹೇಳಬೇಕು. ಬರೆಯುವವಳು ಅವಳಿಗೆ ಬೆನ್ನು ಮಾಡಿ ಕೂತು, ಕೇಳಿದ್ದನ್ನು ಬರೆದು, ಬರೆದದ್ದನ್ನು ತಿರುಗಿ ಹೇಳಬೇಕು. ಬರೆಯುವವಳು ಪಾದರಸವನ್ನು ನೋಡಬಾರದು, ಓದುವವಳು ಪುಸ್ತಕವನ್ನು ನೋಡಬಾರದು. ನೋಡಿದರೆ ಮನಸ್ಸು ತನಗೆ ಬೇಕಾದ ಅಂಕಿಯ ಕಡೆ ವಾಲುತ್ತದೆ. ಉದ್ದಕ್ಕ ಓದುವವಳು, ಗಿಡ್ಡಿ ಬರೆಯುವವಳು. ಒಂದು ಕಾಲದಲ್ಲಿ ಉದ್ದಕ್ಕನ ಕಣ್ಣೆಂದರೆ ಇಡೀ ಪ್ರಯೋಗಾಲಯಕ್ಕೇ ಹೆಮ್ಮೆ. ತಕರಾರು ಬಂದ ಥರ್ಮಾಮೀಟರನ್ನು ಬೇರೆ ಊರಿನ ಪ್ರಯೋಗಾಲಯದವರೂ ಅವಳ ಕೈಗೇ ಕಳಿಸುತ್ತಿದ್ದರು.

ಬೆಟ್ಟಕ್ಕೂ ಅವರು ಇದೇ ಕ್ರಮವನ್ನು ಹೊತ್ತು ತಂದಿದ್ದರು. ಕಡಿದಾದ ಬಂಡೆ ಇಳಿಯುವಾಗ ಉದ್ದಕ್ಕ ಮೊದಲು ಇಳಿಯುತ್ತಾಳೆ, ಅವಳ ಕಾಲು ಎಲ್ಲಿ ಬೇಕಾದರೂ ಎಟಕುತ್ತದೆ. ಆಮೇಲೆ ಕೆಳಗೆ ನಿಂತು ಗಿಡ್ಡಿಗೆ ಮೆಟ್ಟು ಓದುತ್ತಾಳೆ: “ಎಡಗಾಲು, ಒಂದು ಗೇಣು ಕೆಳಗೆ.” ಬಂಡೆಗೆ ಮುಖ ಹಚ್ಚಿಕೊಂಡ ಗಿಡ್ಡಿ ತಿರುಗಿ ಹೇಳುತ್ತಾಳೆ: “ಎಡಗಾಲು, ಒಂದು ಗೇಣು ಕೆಳಗೆ,” ಎಂದು ಕಾಲಿಡುತ್ತಾಳೆ. ಕೆಳಗೆ ಬಗ್ಗಿ ನೋಡುವುದಿಲ್ಲ. ನೋಡಿದರೆ ಹೊಟ್ಟೆ ಬಂಡೆಯಿಂದ ದೂರವಾಗಿ ಕಾಲು ಜಾರುತ್ತದೆ ಎನ್ನುವುದು ಅವಳ ವಾದ. ಬೇರೆ ಬೆಟ್ಟ ಹತ್ತುವವರು ಇವರನ್ನು ಕಂಡು, ಇವರೇನು ಹಗಲು ಹೊತ್ತಿನಲ್ಲಿ ಮಗ್ಗಿ ಒಪ್ಪಿಸ್ತಿದಾರಾ ಎಂದು ನಕ್ಕದ್ದುಂಟು.

ಅವತ್ತು ಹತ್ತಿದ್ದು ಹಳ್ಳದ ದಾರಿಯಲ್ಲಿ. ಎರಡು ಬಂಡೆಗಳ ನಡುವಿನ ಸೀಳು ಅದು. ಮಳೆಯಿಲ್ಲದಾಗ ಒಣಗಿದ ಮೆಟ್ಟಿಲಿನ ಹಾಗಿರುತ್ತದೆ. ಕೈ ಊರಿ, ಮಂಡಿ ಊರಿ, ಕೆಲವು ಕಡೆ ಬೆನ್ನು ಒತ್ತಿ ಮೇಲೇರಿದರು. ಉದ್ದಕ್ಕ ಮುಂದೆ. ದಾರಿ ಅವಳಿಗೆ ಬಾಯಿಪಾಠ. ಯಾವ ಕಲ್ಲು ಅಲುಗುತ್ತದೆ, ಯಾವುದು ಗಟ್ಟಿ ಎನ್ನುವುದು ಅಂಗೈಗೆ ಗೊತ್ತಿತ್ತು. ಕಣ್ಣಿನ ಕೆಲಸ ಅಲ್ಲಿ ಕಡಿಮೆ. ಎರಡು ವರ್ಷದಿಂದ ಅವಳಿಗೆ ಬೆಟ್ಟವೇ ಹೆಚ್ಚು ಇಷ್ಟವಾಗಿದ್ದಕ್ಕೆ ಅದೂ ಒಂದು ಕಾರಣ.

ಹನ್ನೊಂದಕ್ಕೆ ತುದಿ ಮುಟ್ಟಿದರು. ಆ ಮಸೂರದ ಮೋಡ ಈಗ ಅಂಚು ಕಳೆದುಕೊಂಡು ಆಕಾಶದ ಅರ್ಧಕ್ಕೆ ಹಬ್ಬಿತ್ತು. ಗಾಳಿ ದಿಕ್ಕು ಬದಲಿಸಿ, ಒದ್ದೆ ಮಣ್ಣಿನ ವಾಸನೆ ಹೊತ್ತು ತರುತ್ತಿತ್ತು.

“ಬೇಗ ತಿಂದು ಇಳಿಯೋಣ,” ಎಂದಳು ಉದ್ದಕ್ಕ.

ಗಿಡ್ಡಿ ಮೊಟ್ಟೆ ಸುಲಿಯುತ್ತಿದ್ದಳು. ಸಿಪ್ಪೆಯನ್ನೆಲ್ಲ ಚೂರೂ ಬಿಡದೆ ಕಾಗದಕ್ಕೆ ಹಾಕಿ, ಕಾಗದ ಮಡಚಿ, ಮಡಚಿದ್ದನ್ನು ಮತ್ತೆ ಮಡಚಿದಳು. ಆಮೇಲೆ ಹೇಳಿದಳು: “ನಿನ್ನ ಕಣ್ಣಿಗೆ ಏನಾಗಿದೆ ಉದ್ದಕ್ಕ?”

“ಏನಾಗಿದೆ? ಎರಡೂ ಇದ್ದಾವಲ್ಲ.”

“ತಮಾಷೆ ಬೇಡ. ನಾನು ಎಣಿಸಿದೀನಿ.”

“ಏನನ್ನ?”

“ಕೊನೇ ಅಂಕಿ. ಮೂರು ವರ್ಷದ ಪುಸ್ತಕ ತೆಗೆದು ಕೂತೆ. ಮೊದಲು ನೀನು ಓದಿದ್ರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲಾ ಅಂಕಿನೂ ಹೆಚ್ಚು ಕಡಿಮೆ ಒಂದೇ ಸಮ ಬರ್ತಿದ್ವು. ಪಾದರಸಕ್ಕೇನು, ಈ ಅಂಕಿ ಮುದ್ದು, ಆ ಅಂಕಿ ಬೇಡ ಅಂತ ಇದೆಯಾ? ಈಗ ನೂರಕ್ಕೆ ಎಪ್ಪತ್ತು ಸಲ ಸೊನ್ನೆ, ಇಲ್ಲಾ ಐದು. ಅಷ್ಟು ದುಂಡಗೆ ಪ್ರಪಂಚ ಇರಲ್ಲ ಕಣೇ. ನೀನು ಓದ್ತಿಲ್ಲ, ಊಹಿಸ್ತಿದೀಯ.”

ಉದ್ದಕ್ಕ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಲಿಲ್ಲ. 

“ಕೊನೇ ಅಂಕಿ ತಾನೇ,” ಎಂದಳು ಕೊನೆಗೆ. “ನೂರರಲ್ಲೊಂದು ಭಾಗ. ಅದರಿಂದ ಯಾರು ಸಾಯ್ತಾರೆ?”

“ಹೋದ ತಿಂಗಳು ಒಂದನ್ನ ಮೂವತ್ತಾರು ಅಂದೆ. ನೀನು ಕೈ ತೊಳೆಯಕ್ಕೆ ಹೋದಾಗ ನಾನು ತಿರುಗಿ ನೋಡ್ದೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲನೇ ಸಲ ನೋಡಿದ್ದು. ಮೂವತ್ತೇಳಿತ್ತು. ಒಂದು ಇಡೀ ಡಿಗ್ರಿ. ಬರೋ ವಾರ ಶಿಶು ಆಸ್ಪತ್ರೆಯಿಂದ ನಲವತ್ತು ಬರ್ತಿವೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನ ಇಡೋ ಪೆಟ್ಟಿಗೆಗೆ. ಅಂಗೈಯಷ್ಟಿರ್ತಾವೆ ಅವು. ಅದನ್ನೂ ನೀನು ದುಂಡಗೆ ಓದ್ತೀಯಾ?”

ಡಾಕ್ಟರು ಎರಡು ವರ್ಷದ ಹಿಂದೆಯೇ ಉದ್ದಕ್ಕನಿಗೆ ಹೇಳಿದ್ದರು. ಅಕ್ಷಿಪಟದ ನಟ್ಟನಡುವಿನ ಭಾಗ ಸವೆಯುತ್ತಿದೆ. ಅಂಚಿನಲ್ಲಿ ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಅಳಿಸಿಹೋಗುತ್ತದೆ. ಕನ್ನಡಕಕ್ಕೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ. ಅವಳ ಅಣ್ಣನಿಗೂ ಅದೇ ಬಂದಿತ್ತು. ಅಣ್ಣ ನಕ್ಷೆ ಬರೆಯುವವನಾಗಿದ್ದ. ಈಗ ಉದ್ದಕ್ಕ ಇರುವ ಮನೆಯಲ್ಲೇ, ಒಳಗಿನ ಕೋಣೆಯಲ್ಲಿ, ಕುರ್ಚಿಯ ಕೈ ಸವರುತ್ತ ಕೂತಿರುತ್ತಾನೆ. ಅತ್ತಿಗೆ ತಟ್ಟೆ ಇಟ್ಟು, “ನೋಡ್ಕೊಂಡು ತಿನ್ನಿ,” ಎನ್ನುತ್ತಾಳೆ, ಬೇಕೆಂದೇ ಎನ್ನುತ್ತಾಳೆ. ಕೆಲಸವಿದ್ದಾಗ ಅದೇ ಅತ್ತಿಗೆ ಅವನ ಮುಂದೆ ದನಿ ಎತ್ತುತ್ತಿರಲಿಲ್ಲ. ಉದ್ದಕ್ಕ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಉಣ್ಣುವವಳು. ಅತ್ತಿಗೆಯ ಕಣ್ಣು ಆಗಾಗ ಅಣ್ಣನ ತಟ್ಟೆಯಿಂದ ತನ್ನ ತಟ್ಟೆಗೆ ಜಾರುವುದು ಅವಳಿಗೆ ಕಾಣುತ್ತಿತ್ತು. ಅಂಚಿನಲ್ಲಿ ಕಾಣುವುದೆಲ್ಲ ಅವಳಿಗೆ ಚೆನ್ನಾಗೇ ಕಾಣುತ್ತಿತ್ತು.

“ಸೋಮವಾರ ಸಾಹೇಬರಿಗೆ ನೀನೇ ಹೇಳು,” ಎಂದಳು ಗಿಡ್ಡಿ. “ನೀನು ಹೇಳದಿದ್ರೆ ನಾನು ಹೇಳ್ತೀನಿ.”

“ಹೇಳಿದ್ರೆ ನನ್ನನ್ನ ಉಗ್ರಾಣಕ್ಕೆ ಹಾಕ್ತಾರೆ. ಡಬ್ಬ ಎಣಿಸಕ್ಕೆ. ಆರು ತಿಂಗಳಾದ ಮೇಲೆ ಡಬ್ಬಾನೂ ಕಾಣಲ್ಲ ಅಂತ ಮನೆಗೆ ಕಳಿಸ್ತಾರೆ. ನಿನಗೆ ಗೊತ್ತಲ್ಲ ನಮ್ಮನೆ.”

“ಗೊತ್ತು.”

“ಒಂದು ವರ್ಷ ತಡಿ.”

“ನಲವತ್ತು ಪೆಟ್ಟಿಗೆ ಉದ್ದಕ್ಕ.” ಗಿಡ್ಡಿಯ ದನಿ ಹರಿತವಾಯಿತು. “ನೀನು ಅತ್ತಿಗೆಗೆ ಹೆದರಿ ಎರಡು ವರ್ಷ ನನ್ನ ಕೈಯಲ್ಲಿ ಸುಳ್ಳು ಬರೆಸಿದೀಯ. ನನ್ನ ಅಕ್ಷರ ಅದು, ನನ್ನ ಸಹಿ. ಒಂದು ದಿನ ಕೂಡ ಹೇಳಬೇಕು ಅನಿಸಲಿಲ್ವಾ? ಓದುವವಳಂತೆ, ಓದುವವಳು! ಸಂತೆಯಲ್ಲಿ ಕೈ ನೋಡಿ ಭವಿಷ್ಯ ಹೇಳೋರು ನಿನಗಿಂತ ವಾಸಿ. ಅವರು ನೋಡಿಯಾದರೂ ಹೇಳ್ತಾರೆ.”

ಮೊದಲ ಹನಿಗಳು ಬಿದ್ದದ್ದು ಆಗ. ಹನಿ ಬಂಡೆಯ ಮೇಲೆ ಬಿದ್ದು ಆರುವ ಮೊದಲೇ ಇನ್ನೊಂದು ಬಿತ್ತು.

ಅರ್ಧ ಗಂಟೆಯಲ್ಲಿ ಹಳ್ಳದ ದಾರಿ ಮುಚ್ಚಿತು. ಬೆಳಿಗ್ಗೆ ಕೈಯೂರಿ ಹತ್ತಿದ ಮೆಟ್ಟಿಲುಗಳ ಮೇಲೆ ಈಗ ಕಂದು ನೀರು ಹಾರಿ ಬೀಳುತ್ತಿತ್ತು. ಉಳಿದದ್ದು ಗೋಡೆ. ತುದಿಯ ಇನ್ನೊಂದು ಮಗ್ಗುಲಿನ ಇಪ್ಪತ್ತೈದು ಅಡಿಯ ಬಂಡೆಗೆ ಅವರಿಟ್ಟ ಹೆಸರು ಅದು. ಅದನ್ನಿಳಿದರೆ ಆಚೆಗೆ ಹುಲ್ಲಿನ ದಾರಿ. ಹಿಂದಿನ ವರ್ಷಗಳಲ್ಲಿ ಮೂವತ್ತು ಸಲವಾದರೂ ಇಳಿದಿದ್ದರು. ಈ ಚಳಿಗಾಲ ಕಳೆದ ಮೇಲೆ ಇನ್ನೂ ಇಳಿದಿರಲಿಲ್ಲ. ಮಧ್ಯದಲ್ಲಿ ಒಂದು ಕಡೆ ಮಾತ್ರ ಕಷ್ಟ. ಬಂಡೆ ಹೊಟ್ಟೆ ಉಬ್ಬಿಸಿಕೊಂಡಿದ್ದು ಕಾಲಿನ ಕೆಳಗೇನಿದೆ ಎಂಬುದು ಇಳಿಯುವವರಿಗೆ ಕಾಣದು.

ಉದ್ದಕ್ಕ ಮೊದಲು ಇಳಿದಳು. ಅವಳ ಕಾಲುಗಳಿಗೆ ಉಬ್ಬಿನ ಕೆಳಗಿನ ಮೆಟ್ಟು ಬೇಕಾಗಲಿಲ್ಲ. ಮೇಲಿನದರಿಂದ ನೇರವಾಗಿ ಅದರ ಕೆಳಗಿನದಕ್ಕೆ ಎಟಕಿದವು. ಕೆಳಗೆ ನಿಂತು ಮುಖದ ಮೇಲಿನ ನೀರು ಒರೆಸಿಕೊಂಡಳು.

“ಓದು!” ಎಂದಳು ಗಿಡ್ಡಿ ಮೇಲಿನಿಂದ.

“ಎಡಗಾಲು, ಒಂದು ಗೇಣು ಕೆಳಗೆ.”

“ಎಡಗಾಲು, ಒಂದು ಗೇಣು ಕೆಳಗೆ.”

“ಬಲಗಾಲು, ನಾಲ್ಕು ಬೆರಳು ಬಲಕ್ಕೆ, ಅರ್ಧ ಮೊಳ ಕೆಳಗೆ.”

“ಬಲಗಾಲು, ನಾಲ್ಕು ಬೆರಳು ಬಲಕ್ಕೆ, ಅರ್ಧ ಮೊಳ ಕೆಳಗೆ.”

ಮುಕ್ಕಾಲು ಗಂಟೆಯ ಹಿಂದೆ ಕೈ ನೋಡಿ ಭವಿಷ್ಯ ಹೇಳುವವರಿಗಿಂತ ಕಡೆ ಎಂದು ಬೈದವಳು, ಬೈಸಿಕೊಂಡವಳ ಮಾತು ಕೇಳಿ ಕಣ್ಣು ಮುಚ್ಚಿ ಕಾಲಿಡುತ್ತಿದ್ದಳು. ಇಪ್ಪತ್ತೊಂದು ವರ್ಷ ಬೆನ್ನು ಮಾಡಿ ಕೂತ ದೇಹ ಅದು. ತಲೆಗೆ ತಿಳಿದದ್ದು ಕಾಲಿಗೆ ಇನ್ನೂ ಇಳಿದಿರಲಿಲ್ಲ. ಉದ್ದಕ್ಕನಿಗಾದರೋ ಮೆಟ್ಟುಗಳನ್ನು ನೋಡುವ ಅಗತ್ಯವೇ ಇರಲಿಲ್ಲ. ನೆನಪಿನಿಂದಲೇ ಓದುತ್ತಿದ್ದಳು.

ಗಿಡ್ಡಿ ಉಬ್ಬಿಗೆ ಬಂದಳು. ಎಡಗಾಲು ಒಂದು ಮೆಟ್ಟಿನ ಮೇಲೆ, ಬಲಗಾಲು ಗಾಳಿಯಲ್ಲಿ, ಎರಡೂ ಕೈಬೆರಳು ಒಂದು ಬಿರುಕಿನಲ್ಲಿ. “ಮುಂದಕ್ಕೆ,” ಎಂದಳು.

ಉದ್ದಕ್ಕ ಸುಮ್ಮನಿದ್ದಳು.

“ಓದೇ! ನಿದ್ದೆ ಬಂತಾ?”

“ಸೋಮವಾರ ಏನ್ ಹೇಳ್ತೀಯ?”

“ಏನಂದೆ?”

“ಸೋಮವಾರ. ಸಾಹೇಬರಿಗೆ.”

“ಅದು ಈಗಾ? ಬೆರಳು ಮರಗಟ್ಟಿದೆ ಕಣೇ. ಮೊದಲು ಕೆಳಗಿಳೀತೀನಿ.”

“ಮೊದಲು ಹೇಳು.”

“ತಲೆ ಕೆಟ್ಟಿದೆಯಾ ನಿನಗೆ? ಬಿದ್ದು ಹೋಗ್ತೀನಿ!”

“ಹೇಳಿದ್ರೆ ಬೀಳಲ್ಲ.”

ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಉದ್ದಕ್ಕನಿಗೇ ಆಶ್ಚರ್ಯವಾಯಿತು. ಸಿಟ್ಟಿರಲಿಲ್ಲ, ನಡುಕವಿರಲಿಲ್ಲ. ಮೇಜಿನ ಮುಂದೆ ಕೂತಾಗ ಬರುತ್ತಿದ್ದ ಅದೇ ಸಮದನಿ. ಗಿಡ್ಡಿಯ ಎಡಮಂಡಿ ಹೊಲಿಗೆಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಅದುರುವುದು ಅವಳಿಗೆ ಕಾಣುತ್ತಿತ್ತು. ನೇರ ನೋಡಿದರೆ ಕಾಣದು; ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತಿತ್ತು. ಎಷ್ಟು ಹೊತ್ತು ಹಾಗೆ ಅದುರಬಹುದೆಂದು ಅವಳು ಲೆಕ್ಕ ಹಾಕಿದಳು. ಎರಡು ನಿಮಿಷ, ಹೆಚ್ಚೆಂದರೆ ಮೂರು.

“ನೀನು ಇಷ್ಟು ನೀಚಳು ಅಂತ ಗೊತ್ತಿರಲಿಲ್ಲ,” ಎಂದಳು ಗಿಡ್ಡಿ.

“ಬೈಯ್ಯಿ. ಹೊತ್ತು ನಿಂದೇ ಹೋಗೋದು.”

ಮಳೆ ಬಂಡೆಯ ಮೇಲೆ ಹಾಳೆಯಾಗಿ ಇಳಿಯುತ್ತಿತ್ತು. ಗಿಡ್ಡಿ ಒಂದು ಸಲ ಮೇಲೆ ಹೋಗಲು ನೋಡಿದಳು, ಕೈಗೆ ಶಕ್ತಿಯಿರಲಿಲ್ಲ. ಬಲಗಾಲಿನಿಂದ ತಾನೇ ತಡಕಾಡಿದಳು, ಏನೂ ಸಿಗಲಿಲ್ಲ. ಆಮೇಲೆ ಹಣೆಯನ್ನು ಕಲ್ಲಿಗೆ ಒತ್ತಿಕೊಂಡು ಅತ್ತಳು. ಅಳು ಅಂದರೆ ಜೋರಾಗೇನಲ್ಲ, ಮೂಗು ಸೊರಸೊರ ಎಂದ ಸದ್ದು ಮಾತ್ರ.

“ಹೇಳಲ್ಲ.”

“ಪೂರ್ತಿ ಹೇಳು.”

“ನಿನ್ನ ಕಣ್ಣಿನ ವಿಷಯ ಸೋಮವಾರ ಹೇಳಲ್ಲ.”

“ಯಾವತ್ತೂ.”

“ಯಾವತ್ತೂ, ಯಾರಿಗೂ ಹೇಳಲ್ಲ. ಸಾಕಾ? ಈಗ ಓದು. ಕೈ ಮುಗೀತೀನಿ, ಓದು.”

ಗಿಡ್ಡಿ ಮಾತು ಕೊಟ್ಟರೆ ತಪ್ಪುವವಳಲ್ಲ. ಹಗುರವಾದ ಉಸಿರು ಬಿಟ್ಟು ಉದ್ದಕ್ಕ ನೆನಪಿನಿಂದ ಆ ಮೆಟ್ಟನ್ನು ತೆಗೆದಳು. ಅಂಗೈಯಷ್ಟು ಅಗಲ, ಮುಂಗಾಲು ಪೂರ್ತಿ ಊರಬಹುದು. ಆದರೂ ಒಮ್ಮೆ ಕಣ್ಣೆತ್ತಿ ಆ ಜಾಗವನ್ನು ದಿಟ್ಟಿಸಿದಳು. ದಿಟ್ಟಿಸಿದ ಕಡೆ ಬೂದಿ ಬಣ್ಣದ ಒಂದು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕಕ್ಕೆ ಕಣ್ಣು ಹೊರಳಿಸಿದರೆ, ಕಪ್ಪು ಬಂಡೆಯ ನಡುವೆ ಒಂದು ಕಡೆ ಬಣ್ಣ ತಿಳಿಯಾಗಿತ್ತು. ಯಾಕೆ ತಿಳಿಯಾಗಿದೆ ಎಂದು ಒಂದು ಕ್ಷಣ ಅನಿಸಿತು. ತಡಿ, ನನಗೆ ಕಾಣ್ತಿಲ್ಲ, ನಾನೇ ಹತ್ತಿ ಬಂದು ಕೈಯಲ್ಲಿ ಮುಟ್ಟಿ ನೋಡ್ತೀನಿ ಎನ್ನಬಹುದಿತ್ತು. ಆದರೆ ಈಗಷ್ಟೇ ಗೆದ್ದುಕೊಂಡದ್ದನ್ನು ಅದೇ ಉಸಿರಿನಲ್ಲಿ ತಾನೇ ಸುಳ್ಳು ಮಾಡಿದ ಹಾಗಾಗುತ್ತಿತ್ತು.

“ಬಲಗಾಲು, ಎರಡು ಬೆರಳು ಬಲಕ್ಕೆ, ಒಂದು ಗೇಣು ಕೆಳಗೆ. ದೊಡ್ಡ ಮೆಟ್ಟು. ಪೂರ್ತಿ ಭಾರ ಬಿಡು.”

“ಬಲಗಾಲು, ಎರಡು ಬೆರಳು ಬಲಕ್ಕೆ, ಒಂದು ಗೇಣು ಕೆಳಗೆ,” ಎಂದಳು ಗಿಡ್ಡಿ, ಪೂರ್ತಿ ಭಾರ ಬಿಟ್ಟಳು.

ಅಲ್ಲಿ ಮೆಟ್ಟಿರಲಿಲ್ಲ. ಗಿಡ್ಡಿ ಕೂಗಲೂ ಇಲ್ಲ. ಹದಿಮೂರು ಹದಿನಾಲ್ಕು ಅಡಿ ಜಾರಿ, ಒಮ್ಮೆ ಬಂಡೆಗೆ ತಾಗಿ ಮಗುಚಿ, ಉದ್ದಕ್ಕನಿಂದ ಎರಡು ಮಾರು ದೂರದಲ್ಲಿ ಬಲಗೈಯ ಮೇಲೆ ಬಿದ್ದಳು. ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಉದ್ದಕ್ಕ ಓಡಲಿಲ್ಲ. ಮೊದಲು ಮೂರು ಹೆಜ್ಜೆ ಹತ್ತಿ, ಕೈ ಚಾಚಿ, ಆ ತಿಳಿ ಬಣ್ಣವನ್ನು ಸವರಿದಳು. ಮೆಟ್ಟು ಬುಡಸಮೇತ ಕಿತ್ತು ಹೋಗಿತ್ತು. ಹೊಸ ಮುರಿತ ಒರಟಾಗಿ ಬೆರಳಿಗೆ ಚುಚ್ಚಿತು. ಚಳಿಗಾಲದಲ್ಲಿ ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿಯ ಚಳಿಗೆ ಕುಗ್ಗಿ, ಒಡೆದಿರಬೇಕು. ಕಾರಣ ತಿಳಿದ ಮೇಲೆಯೇ ಅವಳು ಗಿಡ್ಡಿಯ ಬಳಿಗೆ ಹೋದಳು.

ಗಿಡ್ಡಿಗೆ ಎಚ್ಚರವಿತ್ತು. ಬಲ ಮಣಿಕಟ್ಟು ಇರಬಾರದ ದಿಕ್ಕಿಗೆ ತಿರುಗಿತ್ತು. ಬಲ ಪಾದವೂ ಅಷ್ಟೆ. ತುಟಿ ಬೆಳ್ಳಗಾಗಿತ್ತು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಉದ್ದಕ್ಕ ತನ್ನ ಮಳೆಯಂಗಿ ತೆಗೆದು ಹೊದಿಸಿದಳು, ಚೀಲವನ್ನು ತಲೆಯ ಕೆಳಗಿಟ್ಟಳು. ಎಲ್ಲವನ್ನೂ ಸರಿಯಾಗಿ, ಕ್ರಮವಾಗಿ ಮಾಡಿದಳು.

“ಕೆಳಗೆ ಹೋಗಿ ಜನ ಕರ್ಕೊಂಡು ಬರ್ತೀನಿ. ಎರಡು ಗಂಟೆ ಆಗತ್ತೆ.”

ಗಿಡ್ಡಿ ತಲೆಯಾಡಿಸಿದಳು.

ಉದ್ದಕ್ಕ ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. “ಗಿಡ್ಡಿ. ಯಾರಾದರೂ ಕೇಳಿದ್ರೆ...”

“ಬರೆದಾಯ್ತು,” ಎಂದಳು ಗಿಡ್ಡಿ ಕಣ್ಣು ಮುಚ್ಚಿಕೊಂಡೇ. “ಹೋಗು.”

ಹೆದ್ದಾರಿಯ ಪೆಟ್ರೋಲ್ ಬಂಕಿನಿಂದ ನಾಲ್ಕು ಜನ ಬಂದರು, ಆಮೇಲೆ ಆಂಬುಲೆನ್ಸ್ ಬಂತು. ಕತ್ತಲಾಗುವ ಮೊದಲೇ ಗಿಡ್ಡಿ ಆಪರೇಷನ್ ಕೋಣೆಯಲ್ಲಿದ್ದಳು. ಮಣಿಕಟ್ಟಿಗೆ ಉಕ್ಕಿನ ಪಟ್ಟಿ, ಆರು ಮೊಳೆ. ಬೆರಳುಗಳಿಗೆ ಹೋಗುವ ನರ ಹರಿದಿತ್ತು. ಮುಷ್ಟಿ ಕಟ್ಟಲು ಬರಬಹುದು, ಪೆನ್ನು ಹಿಡಿಯುವುದು ಕಷ್ಟ ಎಂದರು ಡಾಕ್ಟರು.

ಬಸ್ ಓಡಿಸುವ ಗಿಡ್ಡಿಯ ಗಂಡ ಸಮವಸ್ತ್ರದಲ್ಲೇ ಓಡಿ ಬಂದಿದ್ದ. ವಾರ್ಡಿನ ಬಾಗಿಲಲ್ಲಿ ಉದ್ದಕ್ಕನ ಎರಡೂ ಕೈ ಹಿಡಿದುಕೊಂಡ.

“ಅಕ್ಕ, ನೀವಿಲ್ಲದಿದ್ರೆ ಇವಳು ಅಲ್ಲೇ ಮಳೇಲಿ ಹೋಗಿಬಿಡ್ತಿದ್ಲು. ಹೇಗೆ ತೀರಿಸಲಿ ಈ ಋಣಾನ?”

“ಬಿಡಿ, ಅದೇನ್ ಮಹಾ,” ಎಂದಳು ಉದ್ದಕ್ಕ.

ಸೋಮವಾರ ಮಧ್ಯಾಹ್ನ ಪ್ರಯೋಗಾಲಯದ ಸಾಹೇಬರು ಬಂದರು. ಮೃದು ಮಾತಿನ ಮನುಷ್ಯ. ಸೇಬಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಚದ ಸುತ್ತ ಒಂದು ಸುತ್ತು ಹಾಕಿ, ಕೊನೆಗೆ ಉದ್ದಕ್ಕನ ಕೈಗೆ ಕೊಟ್ಟು ಕೂತರು.

“ಹೇಗಾಯ್ತಮ್ಮಾ ಇದು? ನೀವಿಬ್ಬರೂ ಎಷ್ಟು ವರ್ಷದಿಂದ ಹತ್ತೋರು!”

ಉದ್ದಕ್ಕ ಸೇಬಿನ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಪ್ಲಾಸ್ಟಿಕ್ಕು ಚರಚರ ಎಂದಿತು. ಗಿಡ್ಡಿ ಚಾವಣಿ ನೋಡುತ್ತಿದ್ದಳು. 

“ಕಾಲು ಜಾರ್ತು ಸಾರ್,” ಎಂದಳು. “ಮಳೆ.”

“ಛೆ, ಛೆ. ನಿನ್ನ ಕೆಲಸದ ಚಿಂತೆ ಬೇಡ. ಉಗ್ರಾಣದಲ್ಲಿ ಕೂತು ಮಾಡೋದು ಏನಾದರೂ ಕೊಡೋಣ. ಎಡಗೈಲಿ ಎಷ್ಟಾಗತ್ತೋ ಅಷ್ಟು.”

ಸಾಹೇಬರು ಡಾಕ್ಟರನ್ನು ಹುಡುಕಿಕೊಂಡು ಹೊರಗೆ ಹೋದರು. ಉದ್ದಕ್ಕ ಮಂಚದ ಹತ್ತಿರ ಬಂದು ಹೊದಿಕೆ ಸರಿಮಾಡಲು ಬಗ್ಗಿದಳು.

“ಮುಟ್ಟಬೇಡ,” ಎಂದಳು ಗಿಡ್ಡಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನಾನು ಯಾರಿಗೂ ಹೇಳಲ್ಲ. ನನ್ನ ಗಂಡನಿಗೂ ಹೇಳಿಲ್ಲ. ಇನ್ನು ಮೇಲೆ ಅದನ್ನ ಹೇಳಬಲ್ಲವಳು ನೀನೊಬ್ಬಳೇ. ಆ ಕೂಸುಗಳು ನನ್ನ ಕೈಯಿಂದ ಹೋದ್ವು, ಪೂರ್ತಿ ನಿನ್ನ ಕೈಗೆ ಬಂದ್ವು. ಇನ್ನು ಈ ಕಡೆ ಬರಬೇಡ ಉದ್ದಕ್ಕ.”

ಉದ್ದಕ್ಕನಿಗೆ ಗಿಡ್ಡಿಯ ಮುಖವನ್ನು ನೇರ ನೋಡಿ ಏನೋ ಹೇಳಬೇಕೆನಿಸಿತು. ನೇರ ನೋಡಿದರೆ ಅಲ್ಲಿ ಮುಖವಿರಲಿಲ್ಲ, ದಿಂಬಿನ ಬಿಳುಪಿನಲ್ಲಿ ಒಂದು ಬೂದಿ ಕಲೆಯಿತ್ತು. ಸೇಬಿನ ಚೀಲವನ್ನು ಕುರ್ಚಿಯ ಮೇಲಿಟ್ಟು ಹೊರಗೆ ಬಂದಳು.

ಕಾರಿಡಾರಿನಲ್ಲಿ ಸಾಹೇಬರು ಕಾಯುತ್ತಿದ್ದರು. ಪಕ್ಕದ ವಾರ್ಡಿನಿಂದ ಒಂದು ಎಳೆಗೂಸಿನ ಅಳು, ತೆಳ್ಳಗೆ, ಬಿಟ್ಟು ಬಿಟ್ಟು ಕೇಳುತ್ತಿತ್ತು.

“ಶಿಶು ಆಸ್ಪತ್ರೆಯವರು ಆ ನಲವತ್ತನ್ನೂ ಬೆಳಿಗ್ಗೆಯೇ ಕಳಿಸಿದಾರೆ,” ಎಂದರು. “ಅವಸರ ಮಾಡ್ತಿದಾರೆ ಪಾಪ, ಪೆಟ್ಟಿಗೆಗಳು ಖಾಲಿ ನಿಂತಿವೆಯಂತೆ. ಬರೆಯೋದಕ್ಕೆ ಬೇರೆಯವರು ಸಿಗೋವರೆಗೆ ನಾನೇ ಕೂರ್ತೀನಿ. ನಿಮಗೆ ಒಂದೆರಡು ದಿನ ರಜೆ ಬೇಕಿದ್ರೆ ಹೇಳಿ, ಸಂಕೋಚ ಬೇಡ. ಏನಾದರೂ ತೊಂದರೆ ಇದ್ರೂ ಹೇಳಿ.”

ಒಳಗಿನ ಕೋಣೆಯಲ್ಲಿ ಕುರ್ಚಿಯ ಕೈ ಸವರುವ ಅಣ್ಣನ ಬೆರಳು ಅವಳಿಗೆ ಕಂಡವು. ಅವು ಮಾತ್ರ ಸ್ಪಷ್ಟವಾಗಿ, ನಟ್ಟನಡುವೆ ಕಂಡವು.

“ತೊಂದರೆ ಏನಿಲ್ಲ ಸಾರ್,” ಎಂದಳು ಉದ್ದಕ್ಕ. “ನಾಳೆ ಒಂಬತ್ತಕ್ಕೇ ಶುರು ಮಾಡೋಣ. ಆಗ ಬೆಳಕು ಚೆನ್ನಾಗಿರತ್ತೆ.”